ಪುಟ್ಟ ಮಕ್ಕಳ ಶಿಕ್ಷಣದ ಸಂಶೋಧನೆ: ಓದುವುದು ಹೇಗೆ, ಕೇಂದ್ರದಲ್ಲಿ ಬಳಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಂಗನವಾಡಿ ಕಾರ್ಯಕರ್ತೆಯರು, ಎಲ್‌ಕೆಜಿ–ಯುಕೆಜಿ ಶಿಕ್ಷಕಿಯರು, ಮೇಲ್ವಿಚಾರಕಿಯರು ಮತ್ತು ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳಿಗಾಗಿ ಈ ಪುಟ. ಅಂಕಿಅಂಶ ಶಾಸ್ತ್ರ ಓದಿರಬೇಕಿಲ್ಲ. ಕೂಡುವುದು, ಗುಣಿಸುವುದು, ಭಾಗಿಸುವುದು ಬಂದರೆ ಸಾಕು.

ಒಂದು ಅಧ್ಯಯನ ಕೈಗೆ ಬಂತು. ಮೊದಲು ಏನು ನೋಡಬೇಕು?

ನಾಲ್ಕು ಸಂಗತಿ ಹುಡುಕಿ: ಮಕ್ಕಳು ಯಾರು, ಅವರ ಜೊತೆ ನಿಜವಾಗಿ ಏನು ಮಾಡಿದರು, ಯಾರೊಂದಿಗೆ ಹೋಲಿಸಿದರು, ಏನನ್ನು ಹೇಗೆ ಅಳೆದರು. ಒಂದು ಹಾಳೆಯಲ್ಲಿ ನಾಲ್ಕು ಮನೆ ಮಾಡಿ ನಿಮ್ಮ ಮಾತಿನಲ್ಲಿ ತುಂಬಿಸಿ. ಒಂದು ಮನೆ ಖಾಲಿ ಉಳಿದರೂ ಆ ಅಧ್ಯಯನದ ತೀರ್ಮಾನವನ್ನು ಸಭೆಯಲ್ಲಿ ಹೇಳುವ ಮುನ್ನ ತಡೆಯಿರಿ.

ಹೆಚ್ಚಾಗಿ ಖಾಲಿ ಉಳಿಯುವುದು ಎರಡನೆಯ ಮನೆ. “ಆಟದ ಮೂಲಕ ಕಲಿಸಿದೆವು” ಎಂದು ಬರೆದಿರುತ್ತಾರೆ. ದಿನಕ್ಕೆ ಎಷ್ಟು ನಿಮಿಷ, ವಾರಕ್ಕೆ ಎಷ್ಟು ದಿನ, ಒಬ್ಬರ ಕೈಯಲ್ಲಿ ಎಷ್ಟು ಮಕ್ಕಳು, ಕಲಿಸಿದವರಿಗೆ ಎಷ್ಟು ದಿನದ ತರಬೇತಿ, ಯಾವ ಸಾಮಗ್ರಿ ಎಂಬುದು ಇರುವುದಿಲ್ಲ. ಅದು ಗೊತ್ತಿಲ್ಲದೆ ನೀವು ತರಬಹುದಾದದ್ದು ಹೆಸರನ್ನು ಮಾತ್ರ. ಫಲ ಬಂದದ್ದು ಹೆಸರಿನಿಂದಲ್ಲ, ಅಷ್ಟು ಜನ ಅಷ್ಟು ಹೊತ್ತು ಮಕ್ಕಳ ಜೊತೆ ಮಾಡಿದ ಕೆಲಸದಿಂದ. ಈ ಪುಟದ ಉಳಿದ ಉತ್ತರಗಳಲ್ಲೂ ಇದೇ ಮಾತು ಮತ್ತೆ ಮತ್ತೆ ಬರುತ್ತದೆ.

ಮೂವತ್ತು–ನಲವತ್ತು ಪುಟದ ಪೇಪರ್ ಪೂರ್ತಿ ಓದಬೇಕೇ?

ಮೊದಲ ಸಲಕ್ಕೆ ಬೇಡ. ಸಾರಾಂಶ ಓದಿ. ಅಲ್ಲಿಂದ ನೇರವಾಗಿ ‘ವಿಧಾನ’ ಭಾಗಕ್ಕೆ ಹೋಗಿ ನಾಲ್ಕು ಮನೆ ತುಂಬಿಸಿ. ಬಳಿಕ ಕೋಷ್ಟಕ ನೋಡಿ. ಮೊದಲ ಕೋಷ್ಟಕದಲ್ಲಿ ಸಾಮಾನ್ಯವಾಗಿ ಎರಡು ಗುಂಪಿನ ಮಕ್ಕಳ ವಯಸ್ಸು, ತಾಯಿಯ ಓದು, ಮನೆಯ ಸ್ಥಿತಿ ಇರುತ್ತದೆ. ಆರಂಭದಲ್ಲೇ ಎರಡು ಗುಂಪು ಬೇರೆ ಬೇರೆ ಇದ್ದವೇ ಎಂಬುದು ಅಲ್ಲೇ ಕಾಣುತ್ತದೆ. ಕೊನೆಗೆ ‘ಮಿತಿಗಳು’ ಭಾಗ ಓದಿ. ಇಷ್ಟಕ್ಕೆ ಮುಕ್ಕಾಲು ಗಂಟೆ ಸಾಕು. ಪೀಠಿಕೆ ಮತ್ತು ಚರ್ಚೆಯನ್ನು ಆಮೇಲೆ ಓದಿ. ಮೊದಲೇ ಓದಿದರೆ ಲೇಖಕರ ವಾದವೇ ನಿಮ್ಮ ತಲೆಯಲ್ಲಿ ಕೂತು, ಕೋಷ್ಟಕದಲ್ಲಿ ಇಲ್ಲದ್ದೂ ಇದ್ದಂತೆ ಕಾಣತೊಡಗುತ್ತದೆ.

ಹೋಲಿಕೆ ಗುಂಪು ಏಕೆ ಬೇಕು? ಜೂನ್‌ನಲ್ಲಿ ಬಾರದ್ದು ಮಾರ್ಚ್‌ನಲ್ಲಿ ಬಂದರೆ ಸಾಲದೇ?

ಸಾಲದು. ನಾಲ್ಕು ವರ್ಷದ ಮಗು ಒಂಬತ್ತು ತಿಂಗಳಲ್ಲಿ ಏನೂ ಮಾಡದಿದ್ದರೂ ಬೆಳೆಯುತ್ತದೆ. ಮಾತು ಹೆಚ್ಚುತ್ತದೆ, ಬೆರಳಿನ ಹಿಡಿತ ಗಟ್ಟಿಯಾಗುತ್ತದೆ, ಎಣಿಕೆ ಬರುತ್ತದೆ. ಈ ಬೆಳವಣಿಗೆಯನ್ನು ಕಳೆದು ಉಳಿದದ್ದಷ್ಟೇ ನಿಮ್ಮ ಚಟುವಟಿಕೆಯ ಫಲ. ಕಳೆಯಬೇಕಾದರೆ ಅದೇ ವಯಸ್ಸಿನ, ಅಂಥದೇ ಮನೆಗಳ, ಆ ಚಟುವಟಿಕೆ ಸಿಗದ ಮಕ್ಕಳು ಬೇಕು.

ಇನ್ನೊಂದು ತಪ್ಪು ಇನ್ನೂ ಸಾಮಾನ್ಯ. ಕಾನ್ವೆಂಟ್‌ನ ಯುಕೆಜಿ ಮಕ್ಕಳು ಅಂಗನವಾಡಿ ಮಕ್ಕಳಿಗಿಂತ ಹೆಚ್ಚು ಅಂಕ ಪಡೆದರು, ಆದ್ದರಿಂದ ಕಾನ್ವೆಂಟ್ ಪಾಠ ಉತ್ತಮ ಎನ್ನುವ ತರ್ಕ. ಆ ಮಕ್ಕಳ ಮನೆಯಲ್ಲಿ ಪುಸ್ತಕ, ಓದಿದ ತಾಯಿ, ಶುಲ್ಕ ಕಟ್ಟುವ ಶಕ್ತಿ ಮೊದಲೇ ಇರುತ್ತದೆ. ಅಂಕಕ್ಕೆ ಕಾರಣ ಶಾಲೆಯೋ ಮನೆಯೋ ಎಂಬುದು ಈ ಹೋಲಿಕೆಯಿಂದ ತಿಳಿಯುವುದಿಲ್ಲ. ವಯಸ್ಸೂ ಅಷ್ಟೇ: ಒಂದೇ ತರಗತಿಯಲ್ಲಿ 5 ವರ್ಷ 6 ತಿಂಗಳ ಮಗು ಮತ್ತು 6 ವರ್ಷ 4 ತಿಂಗಳ ಮಗು ಕೂತಿದ್ದರೆ ಹತ್ತು ತಿಂಗಳ ಅಂತರವೇ ದೊಡ್ಡದು. ವಯಸ್ಸನ್ನು ತಿಂಗಳಲ್ಲಿ ಬರೆಯದ ಅಧ್ಯಯನವನ್ನು ಈ ವಯೋಮಾನಕ್ಕೆ ನೆಚ್ಚಬೇಡಿ.

ಈ ತೊಡಕನ್ನು ನೀಗುವ ಅತ್ಯಂತ ಗಟ್ಟಿ ದಾರಿ ಚೀಟಿ ಎತ್ತುವುದು. ಯಾರಿಗೆ ಚಟುವಟಿಕೆ, ಯಾರಿಗಿಲ್ಲ ಎಂಬುದನ್ನು ಪೋಷಕರ ಆಸಕ್ತಿಗಾಗಲಿ ಶಿಕ್ಷಕಿಯ ಆಯ್ಕೆಗಾಗಲಿ ಬಿಡದೆ ಚೀಟಿಯೇ ತೀರ್ಮಾನಿಸಿದರೆ, ಸಾಕಷ್ಟು ಸಂಖ್ಯೆಯಲ್ಲಿ ಎರಡೂ ಕಡೆ ಎಲ್ಲ ಬಗೆಯ ಮನೆಗಳೂ ಸರಿಸುಮಾರು ಸಮವಾಗಿ ಹಂಚಿಹೋಗುತ್ತವೆ.

200 ಮಕ್ಕಳ ಅಧ್ಯಯನ ದೊಡ್ಡದೇ?

ಚೀಟಿ ಎತ್ತಿದ್ದು ಮಕ್ಕಳಿಗೋ ಕೇಂದ್ರಗಳಿಗೋ ನೋಡಿ. ಒಂದು ಅಂಗನವಾಡಿಯ ಮಕ್ಕಳಿಗೆ ಕಾರ್ಯಕರ್ತೆ ಒಬ್ಬರೇ, ಊರೂ ಒಂದೇ. ಅವರ ಅಂಕಗಳು ಒಂದನ್ನೊಂದು ಹೋಲುತ್ತವೆ. ಹಾಗಾಗಿ ಆ 20 ಮಕ್ಕಳಿಂದ ಸಿಗುವ ಮಾಹಿತಿ, 20 ಬೇರೆ ಊರಿನ ಮಕ್ಕಳಿಂದ ಸಿಗುವಷ್ಟು ಇರುವುದಿಲ್ಲ.

ಲೆಕ್ಕ ಸುಲಭ. ಪ್ರತಿ ಕೇಂದ್ರದ ಮಕ್ಕಳ ಸಂಖ್ಯೆಯಲ್ಲಿ ಒಂದು ಕಳೆದು, ಒಳಹೋಲಿಕೆಯ ಪ್ರಮಾಣದಿಂದ (ಒಂದೇ ಕೇಂದ್ರದ ಮಕ್ಕಳ ಅಂಕಗಳು ಎಷ್ಟು ಹೋಲುತ್ತವೆ ಎಂದು ಹೇಳುವ, 0ರಿಂದ 1ರೊಳಗಿನ ಸಂಖ್ಯೆ) ಗುಣಿಸಿ, ಒಂದು ಕೂಡಿಸಿ. 10 ಕೇಂದ್ರ, ತಲಾ 20 ಮಕ್ಕಳು, ಒಳಹೋಲಿಕೆ 0.2 ಎಂದಿಟ್ಟುಕೊಂಡರೆ 19ನ್ನು 0.2ರಿಂದ ಗುಣಿಸಿ 3.8, ಒಂದು ಕೂಡಿಸಿ 4.8. 200ನ್ನು 4.8ರಿಂದ ಭಾಗಿಸಿದರೆ ಸುಮಾರು 42. ಅಂದರೆ 200 ಮಕ್ಕಳ ಅಧ್ಯಯನಕ್ಕೆ 42 ಮಕ್ಕಳಷ್ಟೇ ಬಲ. ಎರಡೇ ಶಾಲೆ ತೆಗೆದುಕೊಂಡು, ಒಂದರಲ್ಲಿ ಹೊಸ ವಿಧಾನ, ಇನ್ನೊಂದರಲ್ಲಿ ಹಳೆಯದು ಎನ್ನುವ ಪ್ರಬಂಧಗಳು ತುಂಬ ಇವೆ. ಅಲ್ಲಿ ವಿಧಾನದ ಫಲವನ್ನೂ ಆ ಇಬ್ಬರು ಶಿಕ್ಷಕಿಯರ ವ್ಯತ್ಯಾಸವನ್ನೂ ಬೇರ್ಪಡಿಸಲು ಯಾವ ಲೆಕ್ಕದಿಂದಲೂ ಆಗದು.

ಕೋಷ್ಟಕದಲ್ಲಿ ‘0.25’ ಎಂದಿದೆ, ಪಕ್ಕದ ಕಂಸದಲ್ಲಿ ‘0.11’, ಮೇಲೆ ನಕ್ಷತ್ರ. ಓದುವುದು ಹೇಗೆ?

ಒಂದು ಉದಾಹರಣೆಯಾಗಿ ಇದನ್ನೇ ಬಿಡಿಸೋಣ. 0.25 ಎಂಬುದು ಎರಡು ಗುಂಪಿನ ಸರಾಸರಿ ಅಂತರ. ಅದನ್ನು ಅಂಕಗಳಲ್ಲಿ ಹೇಳದೆ ಮಾನಕ ವಿಚಲನೆಯ (ಮಕ್ಕಳ ಅಂಕಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಹರಡಿವೆ ಎಂಬುದರ) ಅಳತೆಯಲ್ಲಿ ಹೇಳುತ್ತಾರೆ, ಬೇರೆ ಬೇರೆ ಪರೀಕ್ಷೆಗಳನ್ನು ಹೋಲಿಸಲು ಅನುಕೂಲ ಎಂದು. ನೂರು ಮಕ್ಕಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿ. ನಡುವೆ, ಕೆಳಗಿನಿಂದ 50ನೆಯ ಜಾಗದಲ್ಲಿದ್ದ ಮಗು 0.2ರಷ್ಟು ಏರಿದರೆ ಸುಮಾರು 58ನೆಯ ಜಾಗಕ್ಕೆ ಬರುತ್ತದೆ, 0.25 ಆದರೆ 60ರ ಹತ್ತಿರ, 0.5 ಆದರೆ 69ರ ಹತ್ತಿರ.

ಕಂಸದ 0.11 ಎಂಬುದು ಅಂದಾಜಿನ ಅಲುಗಾಟ. ಅದನ್ನು ಎರಡರಿಂದ ಗುಣಿಸಿ 0.25ರ ಆಚೀಚೆ ಇಡಿ: ಸುಮಾರು 0.03ರಿಂದ 0.47. ಫಲ ಬಹುತೇಕ ಏನೂ ಇಲ್ಲ ಎನ್ನುವಷ್ಟು ಚಿಕ್ಕದಿರಬಹುದು, ತುಂಬ ದೊಡ್ಡದೂ ಇರಬಹುದು. ನಕ್ಷತ್ರ ಹೇಳುವುದು ಇಷ್ಟೇ: ನಿಜವಾಗಿ ಯಾವ ಫಲವೂ ಇಲ್ಲದಿದ್ದರೂ, ಬರೀ ಅದೃಷ್ಟದಿಂದ ಇಷ್ಟು ದೊಡ್ಡ ಅಂತರ ಕಾಣಿಸಿಕೊಳ್ಳುವ ಸಾಧ್ಯತೆ ಕಡಿಮೆ, ಸಾಮಾನ್ಯವಾಗಿ ನೂರಕ್ಕೆ ಐದಕ್ಕಿಂತ ಕಡಿಮೆ. ಫಲ ದೊಡ್ಡದು, ಮುಖ್ಯವಾದದ್ದು ಎಂದು ನಕ್ಷತ್ರ ಹೇಳುವುದಿಲ್ಲ. ಹಾಗೆಯೇ ನಕ್ಷತ್ರ ಇಲ್ಲವೆಂದರೆ ಫಲ ಇಲ್ಲವೆಂದು ಸಾಬೀತಾಯಿತು ಎಂದೂ ಅಲ್ಲ, ಅಧ್ಯಯನ ಚಿಕ್ಕದಾಗಿರಬಹುದು.

ಶಿಕ್ಷಣದಲ್ಲಿ ಚೀಟಿ ಎತ್ತಿ ನಡೆಸಿದ ದೊಡ್ಡ ಅಧ್ಯಯನಗಳಲ್ಲಿ 0.2ಕ್ಕಿಂತ ಮೇಲಿನ ಫಲ ಸಿಗುವುದು ಅಪರೂಪ. ಯಾರಾದರೂ 1.5 ಅಥವಾ 2 ಎಂದರೆ ಸಂತೋಷಪಡುವ ಮೊದಲು, ಕಲಿಸಿದ ಅದೇ ಪ್ರಶ್ನೆಗಳನ್ನೇ ಪರೀಕ್ಷೆಯಲ್ಲೂ ಕೇಳಿದರೇ ಎಂದು ನೋಡಿ.

ಪೆರ‍್ರಿ ಪ್ರೀಸ್ಕೂಲ್ ಅಧ್ಯಯನವನ್ನು ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ನಮಗೆ ಅದು ಅನ್ವಯಿಸುತ್ತದೆಯೇ?

ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ 1962ರಿಂದ 1967ರವರೆಗೆ ನಡೆದದ್ದು. 123 ಬಡ ಆಫ್ರಿಕನ್–ಅಮೆರಿಕನ್ ಮಕ್ಕಳು. 58 ಮಂದಿ ಕೇಂದ್ರಕ್ಕೆ ಬಂದರು, 65 ಮಂದಿ ಹೋಲಿಕೆ ಗುಂಪು. ಬುದ್ಧಿಮತ್ತೆಯ ಅಂಕದಲ್ಲಿ ಕಂಡ ಏರಿಕೆ ಕೆಲವೇ ವರ್ಷಗಳಲ್ಲಿ ಕರಗಿತು. ಆದರೆ 40ನೆಯ ವಯಸ್ಸಿನಲ್ಲಿ ವಿಚಾರಿಸಿದಾಗ ಪ್ರೌಢಶಾಲೆ ಮುಗಿಸಿದವರು ಕೇಂದ್ರಕ್ಕೆ ಬಂದವರಲ್ಲಿ ಶೇ. 77, ಹೋಲಿಕೆ ಗುಂಪಿನಲ್ಲಿ ಶೇ. 60, ಐದು ಅಥವಾ ಹೆಚ್ಚು ಬಾರಿ ಬಂಧನಕ್ಕೊಳಗಾದವರು ಶೇ. 36 ಮತ್ತು ಶೇ. 55.

ಈಗ ಎರಡನೆಯ ಮನೆ ತುಂಬಿಸಿ. 20ರಿಂದ 25 ಮಕ್ಕಳಿಗೆ ನಾಲ್ವರು ತರಬೇತಾದ ಶಿಕ್ಷಕರು. ವಾರದ ಐದೂ ದಿನ ಬೆಳಗ್ಗೆ ಎರಡೂವರೆ ಗಂಟೆ. ಪ್ರತಿ ವಾರ ಮನೆಗೆ ಹೋಗಿ ತಾಯಿ–ಮಗುವಿನ ಜೊತೆ ಸುಮಾರು ಒಂದೂವರೆ ಗಂಟೆ. ಹೆಚ್ಚಿನ ಮಕ್ಕಳಿಗೆ ಇದು ಎರಡು ವರ್ಷ ಸಿಕ್ಕಿತು. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ಜೊತೆಗೆ ತೂಕ, ಪೌಷ್ಟಿಕ ಆಹಾರ, ಸಮೀಕ್ಷೆ, ಆ್ಯಪ್ ದಾಖಲೆ ಇರುವ ಕೇಂದ್ರದಲ್ಲಿ “ಪೆರ‍್ರಿಯಂಥ ಫಲ ಬರುತ್ತದೆ” ಎಂದು ಭಾಷಣ ಮಾಡುವುದು ಕಾರ್ಯಕರ್ತೆಯರಿಗೆ ಮಾಡುವ ಅನ್ಯಾಯ. ಆ ಅಧ್ಯಯನದಿಂದ ತೆಗೆದುಕೊಳ್ಳಬಹುದಾದದ್ದು ಬೇರೆ: ಪರೀಕ್ಷೆಯ ಅಂಕ ಕರಗಿದರೂ ಬದುಕಿನಲ್ಲಿ ಫಲ ಉಳಿಯಬಹುದು, ಮನೆಭೇಟಿ ಆ ಕಾರ್ಯಕ್ರಮದ ಅಂಗವೇ ಆಗಿತ್ತು.

ಮನೆಭೇಟಿಯ ಬಗ್ಗೆ ನಮಗೆ ಇನ್ನೂ ಹತ್ತಿರವಾದದ್ದು ಜಮೈಕಾದ ಅಧ್ಯಯನ. ಕಿಂಗ್‌ಸ್ಟನ್‌ನಲ್ಲಿ 1986–87ರಲ್ಲಿ ಕುಂಠಿತ ಬೆಳವಣಿಗೆಯ 129 ಕೂಸುಗಳೊಂದಿಗೆ ಶುರುವಾದದ್ದು. ಒಂದು ಗುಂಪಿನ ಮನೆಗೆ ಸ್ಥಳೀಯ ಆರೋಗ್ಯ ಸಹಾಯಕಿಯರು ಎರಡು ವರ್ಷ, ವಾರಕ್ಕೊಮ್ಮೆ ಹೋಗಿ, ಮಗುವಿನ ಜೊತೆ ಆಡುವುದನ್ನು ತಾಯಿಗೆ ತೋರಿಸಿಕೊಟ್ಟರು. ಇಪ್ಪತ್ತು ವರ್ಷದ ಬಳಿಕ ಆ ಗುಂಪಿನ ಗಳಿಕೆ ಹೋಲಿಕೆ ಗುಂಪಿಗಿಂತ ಸುಮಾರು ಶೇ. 25 ಹೆಚ್ಚಿತ್ತು. ಅಲ್ಲೂ ಮಕ್ಕಳ ಸಂಖ್ಯೆ ಚಿಕ್ಕದು ಎಂಬುದನ್ನು ಮರೆಯಬಾರದು.

ಟೆನೆಸಿಯಲ್ಲಿ ಪೂರ್ವ ಪ್ರಾಥಮಿಕದಿಂದ ನಷ್ಟವೇ ಆಯಿತಂತೆ?

ಹೌದು, ಆ ಫಲಿತಾಂಶ ನಿಜ, ಅದನ್ನು ಮುಚ್ಚಿಡಬಾರದು. ಟೆನೆಸಿ ರಾಜ್ಯದ ಕೇಂದ್ರಗಳಿಗೆ ಸೀಟಿಗಿಂತ ಹೆಚ್ಚು ಅರ್ಜಿ ಬಂದಾಗ ಚೀಟಿ ಎತ್ತಿದರು. ಸುಮಾರು 3,000 ಮಕ್ಕಳು. ವರ್ಷದ ಕೊನೆಗೆ ಸೀಟು ಸಿಕ್ಕಿದವರು ಮುಂದಿದ್ದರು. ಮುಂದಿನ ವರ್ಷಗಳಲ್ಲಿ ಅಂತರ ಕರಗಿತು. 2022ರಲ್ಲಿ ಪ್ರಕಟವಾದ ವರದಿಯಂತೆ ಆರನೆಯ ತರಗತಿಯ ಹೊತ್ತಿಗೆ ಅವರೇ ಓದು, ಗಣಿತ, ವಿಜ್ಞಾನದಲ್ಲಿ ಹಿಂದಿದ್ದರು, ಶಿಸ್ತಿನ ದೂರುಗಳೂ ಹೆಚ್ಚಿದ್ದವು.

ಪೆರ‍್ರಿ ಸರಿಯೋ ಟೆನೆಸಿ ಸರಿಯೋ ಎಂದು ಕೇಳುವುದರಿಂದ ಪ್ರಯೋಜನವಿಲ್ಲ. ಎರಡರಲ್ಲೂ ‘ಪ್ರೀಸ್ಕೂಲ್’ ಎಂಬ ಹೆಸರಿತ್ತು, ಒಳಗೆ ನಡೆದದ್ದು ಬೇರೆ. ಟೆನೆಸಿಯ ತರಗತಿಗಳಲ್ಲಿ ಕೂತು ನೋಡಿದ ಸಂಶೋಧಕರು ಇಡೀ ತರಗತಿಗೆ ಒಟ್ಟಾಗಿ ಹೇಳುವ ಪಾಠ ಹೆಚ್ಚಿದ್ದುದನ್ನೂ, ಸಾಲಿನಲ್ಲಿ ನಿಲ್ಲುವುದು, ಕೈ ತೊಳೆಯಲು ಕಾಯುವುದು, ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವುದರಲ್ಲೇ ಬಹಳ ಹೊತ್ತು ಕಳೆಯುತ್ತಿದ್ದುದನ್ನೂ ದಾಖಲಿಸಿದ್ದಾರೆ. ನಿಮ್ಮ ಕೇಂದ್ರದಲ್ಲಿ ಒಂದು ದಿನ ಗಡಿಯಾರ ಇಟ್ಟುಕೊಂಡು ಇದನ್ನು ಅಳೆಯಿರಿ. ಐದು ನಿಮಿಷಕ್ಕೊಮ್ಮೆ ಒಬ್ಬ ಮಗುವನ್ನು ನೋಡಿ ಗುರುತು ಹಾಕಿ: ಆಡುತ್ತಿದೆ, ಮಾತಾಡುತ್ತಿದೆ, ಕೇಳುತ್ತಿದೆ, ಸುಮ್ಮನೆ ಕಾಯುತ್ತಿದೆ. ಮೂರು ಗಂಟೆಗೆ 36 ಗುರುತು. ಅದರಲ್ಲಿ ‘ಕಾಯುತ್ತಿದೆ’ ಎಷ್ಟು ಎಂದು ಎಣಿಸಿ.

ನಮ್ಮ ದೇಶದ ಅಂಗನವಾಡಿಗಳ ಮೇಲೆ ಗಟ್ಟಿಯಾದ ಅಧ್ಯಯನ ಇದೆಯೇ?

ಇದೆ. ತಮಿಳುನಾಡಿನ 640 ಅಂಗನವಾಡಿಗಳಲ್ಲಿ ಚೀಟಿ ಎತ್ತಿ, ಅರ್ಧಕ್ಕೆ ಅಂದರೆ 320 ಕೇಂದ್ರಗಳಿಗೆ, ಅರೆಕಾಲಿಕವಾಗಿ ಇನ್ನೊಬ್ಬರನ್ನು ಕೊಟ್ಟರು. ಅವರ ಕೆಲಸ ಶಾಲಾಪೂರ್ವ ಶಿಕ್ಷಣ ಮಾತ್ರ. ಕಲಿಕೆಯ ಸಮಯ ಎರಡು ಪಟ್ಟಾಯಿತು. 18 ತಿಂಗಳ ನಂತರ ಕೇಂದ್ರದಲ್ಲೇ ಮುಂದುವರಿದ ಮಕ್ಕಳಲ್ಲಿ ಗಣಿತದಲ್ಲಿ 0.29, ಭಾಷೆಯಲ್ಲಿ 0.46 ಏರಿಕೆ. ಮೇಲೆ ಹೇಳಿದ ನೂರು ಮಕ್ಕಳ ಸಾಲಿನಲ್ಲಿ 50ನೆಯ ಜಾಗದಿಂದ ಗಣಿತದಲ್ಲಿ 61ಕ್ಕೆ, ಭಾಷೆಯಲ್ಲಿ 68ಕ್ಕೆ. ಕುಂಠಿತ ಬೆಳವಣಿಗೆ ಮತ್ತು ತೀವ್ರ ಅಪೌಷ್ಟಿಕತೆಯೂ ಕಡಿಮೆ ಕಂಡವು, ಏಕೆಂದರೆ ಮೂಲ ಕಾರ್ಯಕರ್ತೆಗೆ ಆರೋಗ್ಯ–ಪೋಷಣೆಗೆ ಬಿಡುವು ಸಿಕ್ಕಿತು ಎಂಬುದು ಸಂಶೋಧಕರ ವಿವರಣೆ.

“ಕೇಂದ್ರದಲ್ಲೇ ಮುಂದುವರಿದ ಮಕ್ಕಳಲ್ಲಿ” ಎಂಬ ಮಾತಿನ ಕೆಳಗೆ ಗೆರೆ ಎಳೆಯಿರಿ. ಕೇಂದ್ರ ಬಿಟ್ಟು ಬೇರೆ ಶಾಲೆಗೆ ಹೋದವರನ್ನೂ ಸೇರಿಸಿಕೊಂಡು ಮನೆಗಳಲ್ಲಿ ಪರೀಕ್ಷಿಸಿದಾಗ ಫಲ ಇದಕ್ಕಿಂತ ಚಿಕ್ಕದು. ಎರಡೂ ಸರಿ, ಯಾರ ಬಗ್ಗೆ ಹೇಳುತ್ತಿದ್ದೇವೆ ಎಂಬುದು ಬೇರೆ. ಕರ್ನಾಟಕದಲ್ಲಿ 1975ರ ಅಕ್ಟೋಬರ್ 2ರಂದು ತಿ. ನರಸೀಪುರದಲ್ಲಿ ಶುರುವಾದ ಐಸಿಡಿಎಸ್‌ (ಸಮಗ್ರ ಶಿಶು ಅಭಿವೃದ್ಧಿ) ಯೋಜನೆಯ ಚೌಕಟ್ಟೇ ತಮಿಳುನಾಡಿನ ಅಂಗನವಾಡಿಗಳಿಗೂ ಇದೆ. ಆದ್ದರಿಂದ ಈ ಫಲಿತಾಂಶ ಅಮೆರಿಕದ್ದಕ್ಕಿಂತ ನಮಗೆ ಹತ್ತಿರ. “ತರಬೇತಿ ಕೊಟ್ಟರೆ ಸಾಕು, ಕೈ ಹೆಚ್ಚಿಸುವುದು ಬೇಡ” ಎನ್ನುವವರ ಮುಂದೆ ಇಡಬೇಕಾದ ಪುರಾವೆ ಇದು.

ಚೀಟಿ ಎತ್ತದ, ಆದರೆ ಬಹು ದೊಡ್ಡ ಅಧ್ಯಯನ ಇನ್ನೊಂದಿದೆ. ಅಸ್ಸಾಂ, ರಾಜಸ್ಥಾನ, ತೆಲಂಗಾಣಗಳ ಸುಮಾರು 14,000 ಮಕ್ಕಳನ್ನು 4ನೆಯ ವಯಸ್ಸಿನಿಂದ 8ರವರೆಗೆ ಹಿಂಬಾಲಿಸಿದ್ದು. ನಾವು ಕಾಗದದ ಮೇಲೆ ಬರೆಯುವ ಅಂಗನವಾಡಿ, ಯುಕೆಜಿ, ಒಂದನೇ ತರಗತಿ ಎಂಬ ನೇರ ಏಣಿ ಮಕ್ಕಳ ಬದುಕಿನಲ್ಲಿಲ್ಲ. ಅವರು ನಾಲ್ಕೈದು ವರ್ಷಕ್ಕೇ ಅಲ್ಲಿಂದಿಲ್ಲಿಗೆ ಓಡಾಡುತ್ತಾರೆ ಎಂದು ಅದು ತೋರಿಸಿತು.

“ಆರು ವರ್ಷದೊಳಗೆ ಶೇ. 85 ಮೆದುಳು ಬೆಳೆದುಬಿಡುತ್ತದೆ” ಎಂಬ ಮಾತು ಸರಿಯೇ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಈ ಮಾತಿದೆ. ಮೆದುಳಿನ ಗಾತ್ರ ಈ ವಯಸ್ಸಿನೊಳಗೆ ವಯಸ್ಕರ ಗಾತ್ರದ ಬಹುಭಾಗಕ್ಕೆ ಬರುವುದು ನಿಜ. ಆದರೆ ಗಾತ್ರವೇ ಕಲಿಕೆಯಲ್ಲ. ಯೋಜನೆ ಹಾಕುವ, ತಡೆದುಕೊಳ್ಳುವ ಕೆಲಸ ಮಾಡುವ ಮುಂಭಾಗ ಇಪ್ಪತ್ತು ದಾಟಿದ ಮೇಲೂ ಮಾಗುತ್ತಿರುತ್ತದೆ. “ಆರಕ್ಕೆ ಬಾಗಿಲು ಮುಚ್ಚಿತು” ಎಂದು ತಾಯಂದಿರ ಸಭೆಯಲ್ಲಿ ಹೇಳಿದರೆ, ಎರಡನೇ ತರಗತಿಯಲ್ಲಿ ಹಿಂದುಳಿದ ಮಗುವಿನ ತಾಯಿ ಕೈಚೆಲ್ಲುತ್ತಾಳೆ. ಹಾಗೆ ಹೇಳಬೇಡಿ.

“3 ಕೋಟಿ ಪದಗಳ ಅಂತರ” ಮತ್ತು ಮಾರ್ಷ್‌ಮೆಲೊ ಪರೀಕ್ಷೆ?

ಎರಡೂ ಮೂಲ ಅಧ್ಯಯನಕ್ಕಿಂತ ದೊಡ್ಡದಾಗಿ ಬೆಳೆದ ಕಥೆಗಳು. ಬಡಮನೆಯ ಮಕ್ಕಳು 4 ವರ್ಷದೊಳಗೆ 3 ಕೋಟಿ ಪದ ಕಡಿಮೆ ಕೇಳುತ್ತಾರೆ ಎಂಬ ಲೆಕ್ಕ ಬಂದದ್ದು ಅಮೆರಿಕದ ಕ್ಯಾನ್ಸಸ್‌ನ 42 ಕುಟುಂಬಗಳಿಂದ. ತಿಂಗಳಿಗೆ ಒಂದು ಗಂಟೆ ದಾಖಲಿಸಿ, ಅದನ್ನು ಗುಣಿಸಿ ಪಡೆದ ಅಂದಾಜು. ಸರ್ಕಾರದ ನೆರವಿನಲ್ಲಿ ಬದುಕುತ್ತಿದ್ದ ಕುಟುಂಬಗಳು ಅದರಲ್ಲಿ ಆರೇ. ಮನೆಯಲ್ಲಿ ಮಗುವಿನ ಸುತ್ತ ಎಲ್ಲರೂ ಆಡುವ ಮಾತನ್ನು ಎಣಿಸಿದ ಇತ್ತೀಚಿನ ಅಧ್ಯಯನಕ್ಕೆ ಅಂಥ ಅಂತರ ಸಿಗಲಿಲ್ಲ. ಅಜ್ಜಿ, ಚಿಕ್ಕಮ್ಮ, ಪಕ್ಕದ ಮನೆಯವರ ಮಾತಿನ ನಡುವೆ ಬೆಳೆಯುವ ನಮ್ಮ ಮಕ್ಕಳ ಬಗ್ಗೆ ಮಾತಾಡುವಾಗ ಇದು ತುಂಬ ಮುಖ್ಯ. ಮಗುವಿನ ಜೊತೆ ಮಾತಾಡುವುದು ಬೇಕೇ ಬೇಕು, ಅದರಲ್ಲಿ ಸಂಶಯವಿಲ್ಲ. ಆ ಸಂಖ್ಯೆ ಬೇಡ.

ಮಾರ್ಷ್‌ಮೆಲೊ ಎಂಬುದು ಒಂದು ಮಿಠಾಯಿ. ಕಾದರೆ ಹೆಚ್ಚು ಕೊಡುತ್ತೇವೆ ಎಂದಾಗ, ಮುಂದಿಟ್ಟ ಒಂದು ಮಿಠಾಯಿ ತಿನ್ನದೆ ಕಾದ ಮಗು ಮುಂದೆ ಚೆನ್ನಾಗಿ ಓದುತ್ತದೆ ಎಂಬ ಮಾತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದ ನರ್ಸರಿಯ ಮಕ್ಕಳಿಂದ ಬಂದದ್ದು. 2018ರಲ್ಲಿ 918 ಮಕ್ಕಳ ಮಾಹಿತಿಯಿಂದ ನೋಡಿದಾಗ ಸಂಬಂಧ ಅರ್ಧಕ್ಕಿಳಿಯಿತು. ಮನೆಯ ಸ್ಥಿತಿ, ಮಗುವಿನ ಆರಂಭದ ಸಾಮರ್ಥ್ಯಗಳನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಇನ್ನೂ ಬಹಳ ಕುಗ್ಗಿತು. ಚಾಕೊಲೇಟ್ ಮುಂದಿಟ್ಟು ಮಕ್ಕಳ ಭವಿಷ್ಯ ಅಳೆಯುವ ಆಟವನ್ನು ಕೇಂದ್ರದಲ್ಲಿ ಆಡಬೇಡಿ.

ಪರೀಕ್ಷೆಯ ಅಂಕವನ್ನು ಎಷ್ಟು ನಂಬಬಹುದು?

ಈ ವಯಸ್ಸಿನಲ್ಲಿ ಅಳತೆ ತುಂಬ ಕಷ್ಟ. ಗುರುತಿಲ್ಲದವರು ಬಂದು ಕೂತರೆ ಮೂರು ವರ್ಷದ ಮಗು ಬಾಯೇ ಬಿಡುವುದಿಲ್ಲ. ಹಾಳೆಯಲ್ಲಿ ಸೊನ್ನೆ ಬೀಳುತ್ತದೆ. ಭಾಷೆ ಇನ್ನೊಂದು ತೊಡಕು. ಚಿತ್ರ ತೋರಿಸಿ ಹೆಸರು ಕೇಳುತ್ತಾರೆ. ಉತ್ತರದ ಪಟ್ಟಿಯಲ್ಲಿ ‘ಈರುಳ್ಳಿ’ ಇದೆ. ಧಾರವಾಡ ಕಡೆಯ ಮಗು ‘ಉಳ್ಳಾಗಡ್ಡಿ’ ಎನ್ನುತ್ತದೆ, ಕರಾವಳಿಯದು ‘ನೀರುಳ್ಳಿ’ ಎನ್ನುತ್ತದೆ. ಪಟ್ಟಿ ಹಿಡಿದವರು ತಪ್ಪು ಹಾಕಿದರೆ ಮಗುವಿನ ಶಬ್ದಸಂಪತ್ತಲ್ಲ, ಪಟ್ಟಿ ಮಾಡಿದವರ ಊರು ಅಳೆಯಲ್ಪಟ್ಟಿತು. ಮನೆಯಲ್ಲಿ ಲಂಬಾಣಿ, ಉರ್ದು, ತುಳು ಆಡುವ ಮಗುವಿನ ವಿಷಯವಂತೂ ಕೇಳಲೇಬೇಡಿ.

ಪೇಪರ್ ಓದುವಾಗ ಮೂರು ಸಾಲು ಹುಡುಕಿ: ಪರೀಕ್ಷೆಯನ್ನು ಸ್ಥಳೀಯ ಮಾತಿಗೆ ಹೊಂದಿಸಿದರೇ, ಪರೀಕ್ಷಿಸಿದವರಿಗೆ ಯಾವ ಮಗು ಯಾವ ಗುಂಪು ಎಂದು ಗೊತ್ತಿತ್ತೇ, ಇಬ್ಬರು ಬೇರೆ ಬೇರೆಯಾಗಿ ಅಂಕ ಹಾಕಿದಾಗ ಎಷ್ಟು ಸಲ ಒಂದೇ ಬಂತು. ಕಲಿಸಿದ ಶಿಕ್ಷಕಿಯೇ ಅಂಕವನ್ನೂ ಕೊಟ್ಟಿದ್ದರೆ ಫಲ ಉಬ್ಬಿರುತ್ತದೆ. ಅವರು ಸುಳ್ಳು ಹೇಳಿದರೆಂದಲ್ಲ, ಶ್ರಮ ಹಾಕಿದವರ ಕಣ್ಣು ಏರಿಕೆಯನ್ನೇ ನೋಡುತ್ತದೆ.

ಇಂಗ್ಲಿಷ್ ಓದಿನ ಸಂಶೋಧನೆಯನ್ನು ಕನ್ನಡ ಅಕ್ಷರಾಭ್ಯಾಸಕ್ಕೆ ಬಳಸಬಹುದೇ?

ಜಾಗ್ರತೆಯಿಂದ. ಇಂಗ್ಲಿಷ್‌ನಲ್ಲಿ ‘ಕ್ಯಾಟ್’ ಪದವನ್ನು ಮೂರು ಬಿಡಿ ಧ್ವನಿಗಳಾಗಿ ಒಡೆಯುವುದು ಓದಿನ ಅಡಿಪಾಯ ಎಂದು ಆ ಭಾಷೆಯ ಸಂಶೋಧನೆ ಗಟ್ಟಿಯಾಗಿ ಹೇಳುತ್ತದೆ. ಅಲ್ಲಿ ಒಂದು ಅಕ್ಷರ ನಿಲ್ಲುವುದು ಸಾಮಾನ್ಯವಾಗಿ ಒಂದು ಬಿಡಿ ಧ್ವನಿಗೆ. ಕನ್ನಡದ ‘ಕ’ದಲ್ಲಿ ವ್ಯಂಜನ, ಸ್ವರ ಎರಡೂ ಸೇರಿವೆ. ‘ಕಮಲ’ವನ್ನು ನಮ್ಮ ಮಗು ‘ಕ–ಮ–ಲ’ ಎಂದು ಸಲೀಸಾಗಿ ಒಡೆಯುತ್ತದೆ. ‘ಕ್’ ಮತ್ತು ‘ಅ’ ಎಂದು ಒಡೆಯುವುದು ಎಷ್ಟೋ ತಡವಾಗಿ ಬರುತ್ತದೆ.

ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಕನ್ನಡ ಓದಿನ ಅಧ್ಯಯನ ಇದನ್ನೇ ತೋರಿಸಿತು. ವರ್ಣಮಾಲೆಯ ಐವತ್ತರ ಆಸುಪಾಸಿನ ಅಕ್ಷರ ಕಲಿತರೆ ಮುಗಿಯುವುದಿಲ್ಲ. ಕಾಗುಣಿತ ಸೇರಿದರೆ 400ಕ್ಕೂ ಹೆಚ್ಚು ರೂಪ, ಮೇಲೆ ಒತ್ತಕ್ಷರ. ಅಕ್ಷರಜ್ಞಾನ ನಾಲ್ಕನೇ ತರಗತಿಯ ಹೊತ್ತಿಗೂ ಬೆಳೆಯುತ್ತಲೇ ಇರುತ್ತದೆ. ಆದ್ದರಿಂದ “ಇಂಗ್ಲಿಷ್‌ನಲ್ಲಿ ಯುಕೆಜಿಗೇ ಅಕ್ಷರ ಮುಗಿಯುತ್ತದೆ, ಕನ್ನಡದಲ್ಲಿ ಏಕಾಗದು?” ಎಂಬ ಪೋಷಕರ ಪ್ರಶ್ನೆಗೆ ಉತ್ತರ ಲಿಪಿಯಲ್ಲೇ ಇದೆ. ಅಲ್ಲಿ 26, ಇಲ್ಲಿ 400. ಐದು ವರ್ಷದ ಮಗುವಿನಿಂದ ಪೂರ್ತಿ ಕಾಗುಣಿತ ಬರೆಸುವುದಕ್ಕೆ ಸಂಶೋಧನೆಯ ಬೆಂಬಲವಿಲ್ಲ.

ಈ ವಯಸ್ಸಿಗೆ ಒಗ್ಗುವುದು ಬಾಯಿಮಾತಿನ ಆಟ. ಹೆಸರುಗಳಿಗೆ ಚಪ್ಪಾಳೆ ತಟ್ಟಿಸಿ: ‘ಗೌ–ರಿ’ ಎರಡು, ‘ಕ–ಮ–ಲ’ ಮೂರು. ಮೊದಲ ಅಕ್ಷರ ಒಂದೇ ಇರುವ ಪದ ಹೇಳಿಸಿ. ‘ಅಕ್ಕ’ ಬಂದಾಗ ಮಗು ‘ಅಕ್–ಕ’ ಎಂದು ತಟ್ಟಬಹುದು, ಬರವಣಿಗೆ ಮಾತ್ರ ‘ಅ–ಕ್ಕ’. ಕಿವಿಗೆ ಕೇಳುವುದು ಮೊದಲಿನದೇ. ತಪ್ಪೆಂದು ತಿದ್ದಬೇಡಿ.

ಪೇಪರ್‌ಗಳು ಉಚಿತವಾಗಿ ಎಲ್ಲಿ ಸಿಗುತ್ತವೆ? ಇಂಗ್ಲಿಷ್ ಕಷ್ಟ.

ಗೂಗಲ್ ಸ್ಕಾಲರ್‌ನಲ್ಲಿ ಹೆಸರು ಹಾಕಿ, ಬಲಬದಿಯಲ್ಲಿ ಪಿಡಿಎಫ್ ಕೊಂಡಿ ಇದೆಯೇ ನೋಡಿ. ಇಲ್ಲದಿದ್ದರೆ ‘ಎಲ್ಲ ಆವೃತ್ತಿಗಳು’ ಒತ್ತಿ. ಕರಡು ಪ್ರತಿ ಹೆಚ್ಚಾಗಿ ಸಿಗುತ್ತದೆ. ಅಮೆರಿಕ ಸರ್ಕಾರದ ಎರಿಕ್ ಸಂಗ್ರಹದಲ್ಲಿ ಶಿಕ್ಷಣದ ಸಾವಿರಾರು ಪೇಪರ್ ತೆರೆದಿವೆ. ಭಾರತದ ಪಿಎಚ್‌ಡಿ ಮಹಾಪ್ರಬಂಧಗಳಿಗೆ ಶೋಧಗಂಗಾ. ಏನೂ ಸಿಗದಿದ್ದರೆ ಲೇಖಕರಿಗೆ ಎರಡು ಸಾಲಿನ ಇಮೇಲ್ ಬರೆಯಿರಿ, ಬಹಳಷ್ಟು ಮಂದಿ ಕಳಿಸುತ್ತಾರೆ.

ಯಂತ್ರಾನುವಾದ ಬಳಸಿ, ಆದರೆ ಮೂರು ಪದಗಳಲ್ಲಿ ಮೋಸಹೋಗಬೇಡಿ. ‘ಸಿಗ್ನಿಫಿಕೆಂಟ್’ ಎಂಬುದು ‘ಮಹತ್ವದ’ ಎಂದು ಬರುತ್ತದೆ. ಅರ್ಥ ಮೇಲೆ ಹೇಳಿದ ನಕ್ಷತ್ರ ಮಾತ್ರ. ‘ಕಂಟ್ರೋಲ್ ಗ್ರೂಪ್’ ‘ನಿಯಂತ್ರಣ ಗುಂಪು’ ಆಗುತ್ತದೆ. ಅಲ್ಲಿ ಯಾರೂ ಯಾರನ್ನೂ ನಿಯಂತ್ರಿಸುವುದಿಲ್ಲ, ಅದು ಹೋಲಿಕೆ ಗುಂಪು. ‘ರ‍್ಯಾಂಡಮ್’ ಎಂದರೆ ಮನಬಂದಂತೆ ಅಲ್ಲ, ಚೀಟಿ ಎತ್ತಿ.

ಓದಿದ್ದನ್ನು ಕೇಂದ್ರದಲ್ಲಿ ಹೇಗೆ ಪ್ರಯತ್ನಿಸುವುದು? ಒಂದು ಉದಾಹರಣೆ ಕೊಡಿ.

ಸಂವಾದದ ಓದನ್ನು ತೆಗೆದುಕೊಳ್ಳೋಣ. 1988ರಲ್ಲಿ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡರಿಂದ ಮೂರು ವರ್ಷದ ಮಕ್ಕಳ ಪೋಷಕರಿಗೆ ಚಿತ್ರಪುಸ್ತಕ ಓದುವ ಬಗೆಯನ್ನು ಬದಲಿಸಲು ಹೇಳಿಕೊಟ್ಟರು. ನಾಲ್ಕು ವಾರದಲ್ಲಿ ಮಕ್ಕಳ ಮಾತಿನಲ್ಲಿ ಏರಿಕೆ ಕಂಡಿತು. ಬದಲಿಸಿದ್ದು ಇಷ್ಟೇ: ದೊಡ್ಡವರು ಓದಿ ಮುಗಿಸುವುದರ ಬದಲು ಮಗುವಿನ ಬಾಯಿಂದ ಕಥೆ ಹೊರಡಿಸುವುದು.

“ಇದೇನು ಪುಟ್ಟಿ?”
“ಹಸು.”
“ಹೌದು, ಹಸು. ಕರಿ ಹಸು ಹುಲ್ಲು ಮೇಯ್ತಾ ಇದೆ. ನೀನೂ ಹೇಳು ನೋಡೋಣ.”
“ಕರಿ ಹಸು ಹುಲ್ಲು ಮೇಯ್ತಾ ಇದೆ.”
“ನಿಮ್ಮನೆ ಹಸು ಏನು ತಿನ್ನುತ್ತೆ?”

ಕೇಳುವುದು, ಒಪ್ಪುವುದು, ಒಂದೆರಡು ಪದ ಸೇರಿಸುವುದು, ಮತ್ತೆ ಹೇಳಿಸುವುದು, ಆಮೇಲೆ ಮಗುವಿನ ಬದುಕಿಗೆ ಜೋಡಿಸುವುದು. ಒಂದು ಪುಸ್ತಕವನ್ನು ವಾರದಲ್ಲಿ ಮೂರು ಸಲ, ಒಂದು ಸಲಕ್ಕೆ 10–15 ನಿಮಿಷ, ನಾಲ್ಕರಿಂದ ಆರು ಮಕ್ಕಳ ಗುಂಪಿಗೆ. ಪುಸ್ತಕವಿಲ್ಲದಿದ್ದರೆ ಗೋಡೆಯ ಚಾರ್ಟ್, ಹಳೆಯ ಕ್ಯಾಲೆಂಡರ್ ಚಿತ್ರವೂ ಆದೀತು.

ಕೆಡುವುದು ಎಲ್ಲಿ? 24 ಮಕ್ಕಳನ್ನೂ ಒಟ್ಟಿಗೆ ಕೂರಿಸಿದರೆ ಮುಂದೆ ಕೂತ ಮೂವರೇ ಉತ್ತರಿಸುತ್ತಾರೆ. ಪ್ರಶ್ನೆ ಕೇಳಿ ಒಂದು ಸೆಕೆಂಡಿಗೇ ನಾವೇ ಉತ್ತರ ಹೇಳಿಬಿಡುತ್ತೇವೆ. ಮನಸ್ಸಿನಲ್ಲೇ ಐದರವರೆಗೆ ಎಣಿಸಿ. ದಿನವೂ ಹೊಸ ಪುಸ್ತಕ ಹಿಡಿದರೆ ಮಗುವಿಗೆ ಪದ ಕೂರುವುದಿಲ್ಲ. ‘ಇದೇನು, ಇದೇನು’ ಎಂದು ಸಾಲಾಗಿ ಕೇಳಿದರೆ ಕಥೆ ಹೋಗಿ ಪರೀಕ್ಷೆಯಾಗುತ್ತದೆ.

ಫಲ ಬಂತೋ ಇಲ್ಲವೋ ನಾವೇ ತಿಳಿಯುವುದು ಹೇಗೆ?

24 ಮಕ್ಕಳಿದ್ದಾರೆ ಎಂದುಕೊಳ್ಳಿ.

1. ಓದಿಗೆ ಬಳಸದ ಒಂದು ಚಿತ್ರ ಆರಿಸಿ: ಸಂತೆ, ಜಾತ್ರೆ, ಹೊಲ. ಪ್ರತಿ ಮಗುವಿಗೂ ಬೇರೆಯಾಗಿ ತೋರಿಸಿ “ಇದರಲ್ಲಿ ಏನೇನಾಗ್ತಿದೆ ಹೇಳು” ಎನ್ನಿ. ಎರಡು ನಿಮಿಷ. ಎಷ್ಟು ಬೇರೆ ಬೇರೆ ಪದ ಬಂತು, ಅತಿ ಉದ್ದದ ವಾಕ್ಯದಲ್ಲಿ ಎಷ್ಟು ಪದ ಎಂದು ಬರೆಯಿರಿ. ಮನೆಮಾತಿನ ಪದವನ್ನೂ ಎಣಿಸಿ.
2. ಚೀಟಿ ಎತ್ತಿ 12 ಮಕ್ಕಳ ಎರಡು ತಂಡ ಮಾಡಿ. ಮೊದಲ ತಂಡಕ್ಕೆ ಆರು ವಾರ ಸಂವಾದದ ಓದು, ಆರಾರು ಮಕ್ಕಳ ಎರಡು ಗುಂಪಾಗಿ. ಆ ಹೊತ್ತಿಗೆ ಉಳಿದವರು ಸಹಾಯಕಿಯ ಜೊತೆ ಎಂದಿನ ಆಟದಲ್ಲಿರಲಿ.
3. ಹಾಜರಿ ಬರೆಯಿರಿ. ಒಟ್ಟು 18 ಸಲ. ಸುಗ್ಗಿ, ಜ್ವರ, ಊರಿನ ಜಾತ್ರೆಯಿಂದ ಎಂಟು ಸಲವಷ್ಟೇ ಬಂದ ಮಗುವನ್ನೂ ಅದರ ತಂಡದ ಲೆಕ್ಕದಲ್ಲೇ ಉಳಿಸಿಕೊಳ್ಳಿ. ತೆಗೆದುಹಾಕಿದರೆ ಉಳಿಯುವುದು ತಪ್ಪದೆ ಬರುವ ಮನೆಗಳ ಮಕ್ಕಳು, ಅಲ್ಲಿಗೆ ಚೀಟಿ ಎತ್ತಿದ್ದು ವ್ಯರ್ಥ.
4. ಆರು ವಾರದ ಬಳಿಕ ಅದೇ ಅಳತೆ, ಅಂಥದೇ ಇನ್ನೊಂದು ಚಿತ್ರದಿಂದ. ಈ ಸಲ ಪಕ್ಕದ ಕೇಂದ್ರದ ಕಾರ್ಯಕರ್ತೆಯನ್ನು ಕರೆಯಿರಿ, ಯಾವ ಮಗು ಯಾವ ತಂಡ ಎಂದು ಅವರಿಗೆ ಹೇಳಬೇಡಿ. ಮಕ್ಕಳಿಗೆ ಗುರುತಾಗಲೆಂದು ಹಿಂದಿನ ದಿನವೇ ಬಂದು ಆಡಿ ಹೋಗಲಿ.
5. ನಂತರದ ಆರು ವಾರ ಎರಡನೆಯ ತಂಡಕ್ಕೆ ಓದು. ಯಾವ ಮಗುವಿಗೂ ತಪ್ಪುವುದಿಲ್ಲ.

“ತೀರ ಹಿಂದಿರುವ ಐವರಿಗೆ ಮಾತ್ರ ಮಾಡುತ್ತೇವೆ” ಎಂದು ಹಲವರು ಹೊರಡುತ್ತಾರೆ. ಆ ಐವರಲ್ಲಿ ಒಂದಿಬ್ಬರು ಅಳತೆಯ ದಿನ ನಿದ್ದೆಗಣ್ಣಿನಲ್ಲೋ ಹಸಿವಿನಲ್ಲೋ ಇದ್ದವರು. ಎರಡನೆಯ ಸಲ ಅವರ ಅಂಕ ತಾನಾಗಿಯೇ ಸರಾಸರಿಯ ಕಡೆ ಏರುತ್ತದೆ, ನಾವು ಅದನ್ನು ನಮ್ಮ ಪಾಠದ ಫಲವೆಂದು ಬರೆದುಕೊಳ್ಳುತ್ತೇವೆ. ಬಹಳಷ್ಟು ಕ್ರಿಯಾಸಂಶೋಧನೆಯ ವರದಿಗಳಲ್ಲಿ ಕಾಣುವ ‘ಯಶಸ್ಸು’ ಇದೇ. ನೆರವು ಆ ಮಕ್ಕಳಿಗೆ ಮೊದಲು ಸಿಗಬೇಕು ನಿಜ. ಅದನ್ನು ಕೊಡಿ, ಫಲದ ಲೆಕ್ಕಕ್ಕೆ ಮಾತ್ರ ಬಳಸಬೇಡಿ.

ಇಪ್ಪತ್ತನಾಲ್ಕು ಮಕ್ಕಳಿಂದ ಜಗತ್ತಿಗೆ ಹೇಳುವಂಥದ್ದು ಸಿಗದು. ನಿಮ್ಮ ಕೇಂದ್ರದಲ್ಲಿ ಇದನ್ನು ಮುಂದುವರಿಸಬೇಕೇ, ಬದಲಿಸಬೇಕೇ ಎಂದು ತೀರ್ಮಾನಿಸಲು ಸಾಕು. ಅದೇ ಸುತ್ತಿನ ಎಂಟು–ಹತ್ತು ಕೇಂದ್ರಗಳು ಒಂದೇ ಹಾಳೆ ಬಳಸಿ ಮಾಡಿದರೆ ಮೇಲ್ವಿಚಾರಕಿಯ ಸಭೆಯಲ್ಲಿ ಇಟ್ಟು ಮಾತಾಡುವಷ್ಟು ಮಾಹಿತಿ ಸಿಗುತ್ತದೆ.

ಪೋಷಕರ ಒಪ್ಪಿಗೆ ಬೇಕೇ?

ಎಂದಿನ ಪಾಠದ ಭಾಗವಾಗಿ ಮಾಡಿ ನಿಮ್ಮಲ್ಲೇ ಇಟ್ಟುಕೊಂಡರೆ ತಾಯಂದಿರ ಸಭೆಯಲ್ಲಿ ತಿಳಿಸಿದರೆ ಸಾಕು. ಧ್ವನಿ, ಫೋಟೊ, ವಿಡಿಯೊ ತೆಗೆಯುವುದಾದರೆ, ಡಿಪ್ಲೊಮಾಕ್ಕೆ ಸಲ್ಲಿಸುವುದಾದರೆ, ಪ್ರಕಟಿಸುವುದಾದರೆ ಲಿಖಿತ ಒಪ್ಪಿಗೆ ಮತ್ತು ಇಲಾಖೆಯ ಅನುಮತಿ ಪಡೆಯಿರಿ. ಕಾಲೇಜಿನ ಮೂಲಕವಾದರೆ ಅಲ್ಲಿನ ನೈತಿಕ ಸಮಿತಿಯದೂ ಬೇಕು. ಓದಲು ಬಾರದ ತಾಯಿಗೆ ಓದಿ ಹೇಳಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಿ. ತಾಯಿ ಒಪ್ಪಿದರೂ ಮಗು ಅತ್ತರೆ, ಎದ್ದು ಹೋದರೆ, ಮುಖ ತಿರುಗಿಸಿದರೆ ಅಲ್ಲಿಗೆ ನಿಲ್ಲಿಸಿ. ದಾಖಲೆಯಲ್ಲಿ ಹೆಸರಿನ ಬದಲು ಸಂಖ್ಯೆ ಬಳಸಿ, ಹೆಸರು–ಸಂಖ್ಯೆಯ ಪಟ್ಟಿಯನ್ನು ಬೇರೆ ಪುಸ್ತಕದಲ್ಲಿಡಿ. ಮಕ್ಕಳ ಅಂಕದ ಹಾಳೆಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಲೇಬಾರದು.

“ಸಂಶೋಧನೆಯಿಂದ ಸಾಬೀತಾದ ಕಿಟ್” ಎಂದು ಮಾರಲು ಬರುತ್ತಾರೆ. ಏನು ಕೇಳಬೇಕು?

ಈ ಕಿಟ್ ಮೇಲೆಯೇ ಅಧ್ಯಯನ ನಡೆದಿದೆಯೇ ಅಥವಾ ‘ಆಟದಿಂದ ಕಲಿಕೆ’ ಎಂಬ ಸಾಮಾನ್ಯ ವಿಷಯದ ಮೇಲೆಯೇ ಎಂದು ಕೇಳಿ. ನಡೆದಿದ್ದರೆ ಪೇಪರಿನ ಪ್ರತಿ ಕೇಳಿ, ಕಿರುಹೊತ್ತಿಗೆ ಅಲ್ಲ. ಹೋಲಿಕೆ ಗುಂಪಿಗೆ ಏನು ಸಿಕ್ಕಿತ್ತು ನೋಡಿ: ಏನೂ ಸಿಗದ ಮಕ್ಕಳಿಗಿಂತ ಕಿಟ್ ಸಿಕ್ಕವರು ಮುಂದೆ ಎಂದರೆ, ಅದೇ ಹೊತ್ತು ಬೀಜ, ಕಲ್ಲು, ಬಳಪದಿಂದ ಆಡಿಸಿದ್ದರೂ ಮುಂದಿರುತ್ತಿದ್ದರೇನೋ. “ಕಣ್ಣಿನಿಂದ ಕಲಿಯುವ ಮಗು, ಕಿವಿಯಿಂದ ಕಲಿಯುವ ಮಗು” ಎಂದು ವಿಂಗಡಿಸುವ ಸಾಮಗ್ರಿಯನ್ನು ನೇರವಾಗಿ ಬದಿಗಿಡಬಹುದು. ಹಾಗೆ ವಿಂಗಡಿಸಿ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ತಕ್ಕ ಪುರಾವೆ ಇಲ್ಲವೆಂದು 2008ರ ಒಂದು ದೊಡ್ಡ ಪರಾಮರ್ಶೆ ಹೇಳಿತು.

ಕೊನೆಗೆ ಒಂದು ತಿಂಗಳಿಗೆ ಒಂದು ಕಿಟ್ ಎರವಲು ಕೇಳಿ. ಮೇಲಿನ ಎರಡು ತಂಡದ ಹಾಳೆ ನಿಮ್ಮ ಬಳಿ ಇದ್ದೇ ಇದೆ.